ಹಟ್ಟಿಯನ್ನೇ ರೋಗಿಯೆಂದು ಹಿಡಿದು ನೋಡುವುದು

ಕಾಸರಗೋಡು ಕಡೆ ಕೆಲಸ ಮಾಡುವ ಪಶುವೈದ್ಯರಿಗೆ ಬರುವ ಕರೆಗಳಲ್ಲಿ ಹೆಚ್ಚಿನವು ಒಂದೊಂದು ಹಸುವಿನವು. ಕೆಚ್ಚಲುಬಾವು, ಗಬ್ಬ ನಿಲ್ಲದಿರುವುದು, ಕರು ಅಡ್ಡ ಸಿಕ್ಕಿಕೊಂಡದ್ದು. ಹೋಗುತ್ತೇವೆ, ನೋಡುತ್ತೇವೆ, ಮದ್ದು ಕೊಟ್ಟು ಬರುತ್ತೇವೆ. ಮಾಂಸಕ್ಕೆಂದು ಸಾಕುವ ಹಿಂಡಿನಲ್ಲಿ ಈ ಅಭ್ಯಾಸ ಕೈಕೊಡುತ್ತದೆ. ಮೂವತ್ತು ಕೋಣಗರುಗಳ ಹಟ್ಟಿಯಲ್ಲಿ ಒಂದು ಮಂಕಾಗಿ ನಿಂತಿದೆಯೆಂದು ಕರೆದರೆ, ಆ ಒಂದಕ್ಕೆ ಇಂಜೆಕ್ಷನ್ ಕೊಟ್ಟು ಹೊರಟವರು ಉಳಿದ ಇಪ್ಪತ್ತೊಂಬತ್ತನ್ನು ಬಿಟ್ಟು ಬಂದ ಹಾಗೆ. ಇಂಥ ಹಿಂಡುಗಳ ಆರೋಗ್ಯ ನೋಡಿಕೊಳ್ಳುವ ತರಬೇತಿಗೆ ನಾವು ಹನ್ನೆರಡು ಮಂದಿ ವೈದ್ಯರು ಒಂದು ವರ್ಷ ಹೋದೆವು. ಮಳೆಗೆ ಮೊದಲು, ಮಳೆಯ ನಡುವೆ, ಮಳೆ ಬಿಟ್ಟ ಮೇಲೆ, ಮತ್ತೆ ಜನವರಿಯಲ್ಲಿ, ಹೀಗೆ ನಾಲ್ಕು ಸಲ, ಸಲಕ್ಕೆ ಮೂರು ದಿನ. ಅಭ್ಯಾಸಕ್ಕೆ ಎರಡು ಹಿಂಡು: ಬದಿಯಡ್ಕದ ಹತ್ತಿರ ಗುಡ್ಡಕ್ಕೆ ಬಿಟ್ಟು ಮೇಯಿಸುವ ಕಾಸರಗೋಡು ಗಿಡ್ಡ ತಳಿಯದ್ದೊಂದು, ಅಡಿಕೆ ತೋಟದ ಬದಿಯಲ್ಲಿ ಕಟ್ಟಿ ಸಾಕುವ ಕೋಣಗರುಗಳದ್ದೊಂದು. ಅಲ್ಲಿ ಕಲಿತದ್ದನ್ನು ಕೆಲಸಕ್ಕೆ ಬರುವಷ್ಟು ವಿವರವಾಗಿ ಬರೆಯುತ್ತಿದ್ದೇವೆ.

ಮೊದಲ ಪಾಠ ತೂಕದ್ದು. ಹಳ್ಳಿಯಲ್ಲಿ ತೂಕದ ಯಂತ್ರ ಇರುವುದಿಲ್ಲ, ಟೇಪು ಇರುತ್ತದೆ. ಮುಂಗಾಲುಗಳ ಹಿಂದೆ ಎದೆಯ ಸುತ್ತಳತೆ, ಭುಜದ ಮುಂದಿನ ಮೂಳೆಯಿಂದ ಬಾಲದ ಬುಡದ ಬದಿಯ ಪೃಷ್ಠದ ಮೂಳೆಯವರೆಗೆ ಉದ್ದ, ಎರಡೂ ಸೆಂಟಿಮೀಟರಿನಲ್ಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 10,840ರಿಂದ ಭಾಗಿಸಿದರೆ ಕಿಲೋ ಸಿಗುತ್ತದೆ. ಸುತ್ತಳತೆ 112, ಉದ್ದ 91 ಇದ್ದರೆ ಸುಮಾರು 105 ಕೆ.ಜಿ. ಕೇಳುವಾಗ ಸುಲಭ. ತಪ್ಪುವುದು ಟೇಪು ಹಿಡಿಯುವಲ್ಲಿ. ಕರು ಒಂದು ಮುಂಗಾಲು ಮುಂದಿಟ್ಟು ನಿಂತಿದ್ದರೆ, ತಲೆ ತಗ್ಗಿಸಿ ಹುಲ್ಲಿಗೆ ಬಾಯಿ ಹಾಕಿದ್ದರೆ, ಟೇಪು ಹೊಟ್ಟೆಯ ಕಡೆಗೆ ಓರೆಯಾಗಿದ್ದರೆ ಸುತ್ತಳತೆಯಲ್ಲಿ ನಾಲ್ಕೈದು ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ. ಸುತ್ತಳತೆ ಎರಡು ಸಲ ಗುಣಿಸಲ್ಪಡುವುದರಿಂದ ತಪ್ಪೂ ದುಪ್ಪಟ್ಟಾಗುತ್ತದೆ. ಬೆಳಿಗ್ಗೆ ಮೇವು ಹಾಕುವ ಮೊದಲು, ಪ್ರತಿಸಲವೂ ಒಬ್ಬರೇ ಅಳೆಯಬೇಕು. ಈ ಸೂತ್ರ ಹಸುವಿನ ಮೈಕಟ್ಟಿಗೆ ಹೊಂದಿಸಿದ್ದು. ಕೋಣಗರುಗಳಿಗೆ ಬಳಸುವುದಾದರೆ ಐದಾರು ಕರುಗಳನ್ನು ಒಮ್ಮೆ ನಿಜವಾದ ತಕ್ಕಡಿಗೆ ಹತ್ತಿಸಿ ಎಷ್ಟು ವ್ಯತ್ಯಾಸ ಬರುತ್ತದೆಂದು ನೋಡಿಕೊಳ್ಳುವುದು ಒಳ್ಳೆಯದು.

ತೂಕ ಬೇಕಾದದ್ದು ಬೆಳವಣಿಗೆ ತಿಳಿಯಲಿಕ್ಕೆ ಮಾತ್ರ ಅಲ್ಲ. 105 ಕಿಲೋದ ಕರುವನ್ನು ಕಣ್ಣಂದಾಜಿನಲ್ಲಿ 80 ಎಂದುಕೊಂಡು ಜಂತುಹುಳದ ಮದ್ದು ಕುಡಿಸಿದರೆ ಹುಳ ಸಾಯುವುದಿಲ್ಲ, ಮದ್ದಿಗೆ ಒಗ್ಗಿಕೊಳ್ಳುತ್ತದೆ. ಬೆಳವಣಿಗೆಯ ಲೆಕ್ಕದಲ್ಲೂ ಒಂದು ಎಚ್ಚರ ಬೇಕು. ದಿನಕ್ಕೆ 500 ಗ್ರಾಂ ಏರುವ ಕರು ತಿಂಗಳಿಗೆ 15 ಕಿಲೋ ಏರುತ್ತದೆ. ಟೇಪಿನ ತಪ್ಪೇ ಹತ್ತು ಕಿಲೋ ಇರಬಹುದಾದಾಗ ಒಂದು ಕರುವಿನ ಒಂದು ತಿಂಗಳ ಅಂಕಿ ಹಿಡಿದು ತೀರ್ಮಾನಿಸಬಾರದು. ಇಡೀ ಹಟ್ಟಿಯ ಸರಾಸರಿ ತೆಗೆಯಬೇಕು. ಒಂಟಿ ಕರುವಿನದ್ದಾದರೆ ಮೂರು ತಿಂಗಳ ಅಳತೆ ಸೇರಿಸಿ ನೋಡಬೇಕು.

ಅದಾದ ಮೇಲೆ ಮೈ ಮುಟ್ಟಿ ನೋಡುವುದು. ಹಾಲಿನ ಹಸುಗಳ ಮೈಯ ಕೊಬ್ಬು ನೋಡಿ ಕೊಡುವ 1ರಿಂದ 5ರ ಅಂಕ ನಮಗೆಲ್ಲ ಗೊತ್ತು. ಮಾಂಸದ ಹಿಂಡುಗಳಿಗೆ 1ರಿಂದ 9ರ ಅಂಕ ಬಳಸುತ್ತಾರೆ. 1 ಎಂದರೆ ಎಲುಬಿನ ಗೂಡು, 9 ಎಂದರೆ ಬಾಲದ ಬುಡದಲ್ಲಿ ಕೊಬ್ಬಿನ ಗಡ್ಡೆ. ಕರು ಹಾಕುವ ಹೊತ್ತಿಗೆ ತಾಯಿ 5ರಿಂದ 6ರಲ್ಲಿ ಇರಬೇಕು. ಕಣ್ಣಿಗೆ ಕಂಡದ್ದನ್ನು ಬರೆದರೆ ಸಾಲದು. ಬೆನ್ನುಮೂಳೆಯ ಬದಿಯ ಗಿಡ್ಡ ಪಕ್ಕೆಗಳ ತುದಿ, ಕೊನೆಯ ಎರಡು ಪಕ್ಕೆಲುಬುಗಳ ನಡುವೆ, ಸೊಂಟದ ಮೂಳೆ, ಬಾಲದ ಬುಡದ ಎರಡೂ ಬದಿ, ಎದೆಯ ಕೆಳಗಿನ ಜೋಲು, ಈ ಐದು ಕಡೆ ಬೆರಳು ಒತ್ತಬೇಕು. ಕಲಿಸಲು ಬಂದ ಹಿರಿಯ ವೈದ್ಯರು ಹೇಳಿಕೊಟ್ಟ ಉಪಾಯ ಹೀಗಿತ್ತು: ಮುಷ್ಟಿ ಬಿಗಿದು ಗೆಣ್ಣುಗಳ ಮೇಲೆ ಇನ್ನೊಂದು ಕೈಯ ಬೆರಳು ಆಡಿಸಿ, ಪಕ್ಕೆ ಹಾಗೆ ತಾಗಿದರೆ ಬಡಕಲು. ಮುಷ್ಟಿ ಬಿಚ್ಚಿ ಅಂಗೈ ಹಿಂಬದಿಯ ಮೂಳೆಗಳ ಮೇಲೆ ಆಡಿಸಿ. ಹಾಗೆ ತಾಗಿದರೆ ಸರಿ. ಹೆಬ್ಬೆರಳ ಬುಡದ ಮಾಂಸದ ಹಾಗೆ ತಾಗಿದರೆ ಹೆಚ್ಚಾಯಿತು. ಹನ್ನೆರಡು ಮಂದಿಯೂ ಒಂದೇ ಹಸುವನ್ನು ಮುಟ್ಟಿ ಒಬ್ಬರಿಗೊಬ್ಬರು ತೋರಿಸದೆ ಅಂಕ ಬರೆದೆವು. ಮೊದಲ ದಿನ ಒಂದೇ ಹಸುವಿಗೆ 3ರಿಂದ 6ರವರೆಗೆ ಬಂತು. ಮೂರನೆಯ ದಿನ ಅರ್ಧ ಅಂಕದೊಳಗೆ ಸೇರಿದೆವು. ಈ ಒಪ್ಪಿಗೆ ಬಾರದೆ ಹಿಂಡಿನ ಅಂಕಕ್ಕೆ ಬೆಲೆಯಿಲ್ಲ.

ಇಲ್ಲಿ ಸರಾಸರಿಯನ್ನು ನಂಬಬಾರದು. ಮೂವತ್ತು ಹಸುಗಳ ಸರಾಸರಿ 5 ಬಂದರೂ ಅದರೊಳಗೆ 3ರಲ್ಲಿರುವ ಎಂಟು ಅಡಗಿರಬಹುದು, ಮತ್ತು ಬೆದೆಗೆ ಬಾರದೆ ಉಳಿಯುವುದು ಆ ಎಂಟೇ. ನಾವು ಕಾಗದದಲ್ಲಿ ಅಂಕಗಳ ಸಾಲು ಎಳೆದು ಹಸುವಿಗೊಂದು ಚುಕ್ಕೆ ಇಟ್ಟೆವು. ಚುಕ್ಕೆಗಳು ಎರಡು ಗುಂಪಾದರೆ ಸಾಮಾನ್ಯವಾಗಿ ಗೋದಲಿಯಲ್ಲಿ ಜಾಗ ಸಾಲುವುದಿಲ್ಲವೆಂದೇ ಅರ್ಥ: ಕೊಂಬು ಜೋರಿರುವವು ತಿನ್ನುತ್ತವೆ, ಕಡಸುಗಳು ಹಿಂದೆ ನಿಲ್ಲುತ್ತವೆ. ಮದ್ದಿನ ಅಂಗಡಿಯಲ್ಲಿ ಇದಕ್ಕೆ ಪರಿಹಾರ ಇಲ್ಲ. ಗೋದಲಿ ಉದ್ದ ಮಾಡಬೇಕು, ಇಲ್ಲವೇ ಕಡಸುಗಳನ್ನು ಬೇರೆ ಕಟ್ಟಬೇಕು.

ಗುಡ್ಡಕ್ಕೆ ಬಿಟ್ಟು ಬೆಳೆದ ಗಿಡ್ಡ ದನಗಳನ್ನು ಹಗ್ಗ ಹಾಕಿ ಹಿಡಿಯಲು ಹೋದರೆ ಅರ್ಧ ದಿನ ಓಟದಲ್ಲೇ ಹೋಗುತ್ತದೆ, ಗಬ್ಬದ ಹಸು ಬಿದ್ದರೆ ನಷ್ಟ ಬೇರೆ. ಅದಕ್ಕೇ ಒಂದು ಓಣಿ ಕಟ್ಟಿದೆವು. ಕಬ್ಬಿಣ ಬೇಕಾಗಿಲ್ಲ, ನಮ್ಮೂರಿನಲ್ಲಿ ಅಡಿಕೆ ಸಲಾಕೆ ಉಂಟಲ್ಲ. ಬಲಿತ ಮರದ ಸಲಾಕೆಗಳನ್ನು ಅಡ್ಡಕ್ಕೆ ಬೋಲ್ಟ್ ಹಾಕಿ ಕಂಬಗಳಿಗೆ ಬಿಗಿದದ್ದು. ಮೊಳೆ ಹೊಡೆಯಬಾರದು, ಸಡಿಲವಾದ ಮೊಳೆ ಚರ್ಮ ಸೀಳುತ್ತದೆ. ಒಳಗಿನ ಅಗಲ 50 ಸೆಂಟಿಮೀಟರ್. ದೊಡ್ಡ ತಳಿಗಳಿಗೆ ಹೇಳುವ 70 ಸೆಂಟಿಮೀಟರ್ ಇಟ್ಟರೆ ಗಿಡ್ಡ ದನ ಅದರೊಳಗೆ ತಿರುಗಿ ನಿಲ್ಲುತ್ತದೆ, ಹಿಂದಿನದ್ದರ ಮುಖಕ್ಕೆ ಮುಖ ಕೊಟ್ಟು ಇಡೀ ಸಾಲು ಕೆಡುತ್ತದೆ. ಬದಿಗೆ ಗೋಣಿ ಕಟ್ಟಿದರೆ ಹೊರಗೆ ನಡೆದಾಡುವವರು ಕಾಣುವುದಿಲ್ಲ, ದನ ಮುಂದೆ ನೋಡುತ್ತದೆ. ನೆಲಕ್ಕೆ ಹಾಸಿದ ಕೆಂಪುಕಲ್ಲು ಮಳೆಗೆ ಪಾಚಿ ಕಟ್ಟಿ ಜಾರುತ್ತದೆ. ಕೊಡಲಿಯಿಂದ ಗೀರು ಹೊಡೆದು ಮರಳು ಚೆಲ್ಲಿದ ಮೇಲೆಯೇ ಹಸುಗಳು ಧೈರ್ಯವಾಗಿ ಕಾಲಿಟ್ಟವು. ಹಿಂದೆ ಹಾಕುವ ಅಡ್ಡಗೋಲು ಹಿಂಗಾಲಿನ ಕೀಲಿಗಿಂತ ಮೇಲೆ ಇರಬೇಕು, ಕೆಳಗಿದ್ದರೆ ಒದ್ದು ಕಾಲು ಸಿಕ್ಕಿಸಿಕೊಳ್ಳುತ್ತದೆ.

ದನವನ್ನು ಅಟ್ಟುವುದಕ್ಕೂ ಒಂದು ಕ್ರಮ ಉಂಟು. ಪ್ರತಿಯೊಂದು ದನಕ್ಕೂ ಸುತ್ತ ಒಂದು ಅಂತರ. ಅದರೊಳಗೆ ನಾವು ಬಂದರೆ ಅದು ಸರಿಯುತ್ತದೆ, ಹೊರಗೆ ನಿಂತರೆ ನಿಲ್ಲುತ್ತದೆ. ಭುಜ ಅದರ ತೂಗುವ ಬಿಂದು. ಭುಜಕ್ಕಿಂತ ಹಿಂದೆ ನಿಂತು ಒಳಗೆ ಹೆಜ್ಜೆಯಿಟ್ಟರೆ ಮುಂದೆ ಹೋಗುತ್ತದೆ, ಭುಜಕ್ಕಿಂತ ಮುಂದೆ ನಿಂತರೆ ಹಿಂದೆ ಸರಿಯುತ್ತದೆ. ಈ ತತ್ತ್ವವನ್ನು ಜಗತ್ತಿಗೆ ಪರಿಚಯಿಸಿದವರಲ್ಲಿ ಅಮೆರಿಕದ ಟೆಂಪಲ್ ಗ್ರ್ಯಾಂಡಿನ್ ಅವರ ಹೆಸರು ದೊಡ್ಡದು. ನಾವು ಕೂಗುತ್ತಾ ಹಿಂದಿನಿಂದ ಅಟ್ಟಿದಾಗ ಚದುರಿದ ದನಗಳು, ಆ ಹಿಂಡು ಸಾಕುವ ಅಕ್ಕ ಒಬ್ಬರೇ ಬದಿಯಿಂದ ನಿಧಾನ ನಡೆದು ಬಂದಾಗ ಸಾಲಾಗಿ ಓಣಿಗೆ ಹೊಕ್ಕವು. "ಬೊಬ್ಬೆ ಹಾಕ್ಬೇಡಿ ಡಾಕ್ಟ್ರೇ, ಅವಕ್ಕೆ ಕೇಳ್ತದೆ" ಎಂದರು.

ಗಬ್ಬದ ಪರೀಕ್ಷೆ ನಮಗೆ ಹೊಸತಲ್ಲ. ಸ್ಕ್ಯಾನರಿನಲ್ಲಿ 28-30 ದಿನಕ್ಕೆ, ಕೈಯಲ್ಲಾದರೆ 35 ದಿನದಿಂದ ಗರ್ಭದ ಪೊರೆ ಬೆರಳಿಂದ ಜಾರುವುದು ತಿಳಿಯುತ್ತದೆ, 75 ದಿನ ದಾಟಿದ ಮೇಲೆ ಮಾಸಿನ ಗಂಟುಗಳು ಸಿಗುತ್ತವೆ. ಗಿಡ್ಡ ಹಸುವಿನ ಗುದದ್ವಾರ ಕಿರಿದು, ಸಣ್ಣ ಕೈಯವರೇ ಮಾಡುವುದು ಒಳ್ಳೆಯದು. ಹೊಸತು ಎಂದರೆ ಫಲಿತಾಂಶವನ್ನು ಇಡೀ ವರ್ಷದ ಮೇಲೆ ಹರಡಿ ನೋಡಿದ್ದು. ಯಾವ ಕರು ಯಾವಾಗ ಹುಟ್ಟಿತು ಎಂದು ಕೇಳಿದರೆ ಇಲ್ಲಿ ತಾರೀಕು ಸಿಗುವುದಿಲ್ಲ. "ಪತ್ತನಾಜೆಗೆ ಎರಡು ದಿನ ಮೊದಲು", "ಅಷ್ಟಮಿಯ ಮಾರನೇ ದಿನ", "ಆಟಿಯ ಕಡೆಗೆ" ಎಂಬ ಉತ್ತರ ಬರುತ್ತದೆ. ಪತ್ತನಾಜೆ ಎಂದರೆ ತುಳುವಿನ ಬೇಶ ತಿಂಗಳ ಹತ್ತನೆಯ ದಿನ, ಆಟಿ ಎಂದರೆ ಮಳೆಗಾಲದ ಒಂದು ತುಳು ತಿಂಗಳು. ಇದು ಮರೆವಲ್ಲ, ಒಳ್ಳೆಯ ದಾಖಲೆ. ಪಂಚಾಂಗ ಇಟ್ಟುಕೊಂಡು ತಾರೀಕಿಗೆ ತಿರುಗಿಸಿದರೆ ಆಯಿತು.

ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ 24ರ ಸುಮಾರಿಗೆ ಹುಟ್ಟಿದ ಕರು 283 ದಿನ ಹಿಂದೆ, ಆಗಸ್ಟ್ 14ರ ಸುಮಾರಿಗೆ ಗಬ್ಬ ನಿಂತದ್ದು. ಆಟಿ ಮುಗಿಯುವ ಕಾಲ, ಗುಡ್ಡದಲ್ಲಿ ಹುಲ್ಲು ತುಂಬಿರುವ ಕಾಲ. ಹಸು ಬೆದೆಗೆ ಬಂದದ್ದು ಸಹಜ. ಆದರೆ ಅದೇ ಹಸು ಕರು ಹಾಕುವುದು ಬೇಸಿಗೆಯ ಕೊನೆಗೆ, ಗುಡ್ಡ ಒಣಗಿ ಮೈ ಇಳಿದಾಗ. ಆಗ ಅಂಕ 3ಕ್ಕೆ ಇಳಿದಿದ್ದರೆ ಮತ್ತೆ ಬೆದೆಗೆ ಬರಲು ತಡ ಮಾಡುತ್ತದೆ. ವರ್ಷಕ್ಕೊಂದು ಕರು ಬೇಕೆಂದರೆ 365ರಲ್ಲಿ 283 ಕಳೆದು ಉಳಿಯುವುದು 82 ದಿನ ಮಾತ್ರ, ಅಷ್ಟರೊಳಗೆ ಗರ್ಭಕೋಶ ಸರಿಯಾಗಿ ಬೆದೆ ಬಂದು ಗಬ್ಬ ನಿಲ್ಲಬೇಕು. ಹೋರಿಯನ್ನು ವರ್ಷವಿಡೀ ಹಿಂಡಿನೊಳಗೆ ಬಿಡುವ ಬದಲು 63 ದಿನ, ಅಂದರೆ ಮೂರು ಬೆದೆಯ ಸುತ್ತು, ಬಿಟ್ಟು ಆಮೇಲೆ ಬೇರೆ ಕಟ್ಟಬೇಕೆಂಬುದು ತರಬೇತಿಯ ಮಾತು. ಕರುಗಳು ಒಟ್ಟಿಗೆ ಹುಟ್ಟುತ್ತವೆ, ಲಸಿಕೆ, ತೂಕ, ಮಾರಾಟ ಎಲ್ಲ ಒಂದೇ ಸಲಕ್ಕೆ. ನಮ್ಮೂರಿಗೆ ಯಾವ 63 ದಿನ ಎಂಬುದಕ್ಕೆ ಸುಲಭದ ಉತ್ತರ ಇಲ್ಲ. ಸೆಪ್ಟೆಂಬರ್ 20ಕ್ಕೆ ಕರು ಬೇಕೆಂದರೆ ಡಿಸೆಂಬರ್ 11ಕ್ಕೆ ಗಬ್ಬ ನಿಲ್ಲಬೇಕು, ಆಗ ಹುಲ್ಲು ಬಾಡುತ್ತಾ ಬಂದಿರುತ್ತದೆ. ಜೂನ್-ಜುಲೈಯಲ್ಲಿ ಹುಟ್ಟಿದರೆ ಒದ್ದೆ ನೆಲದಲ್ಲಿ ಭೇದಿ, ಕೆಮ್ಮು. ನಮ್ಮ ಅಭಿಪ್ರಾಯದಲ್ಲಿ ಪತ್ತನಾಜೆಯ ಕಾಲವನ್ನೇ ಉಳಿಸಿಕೊಂಡು, ಕರು ಹಾಕುವ ಮುಂಚಿನ 60 ದಿನ ಗಬ್ಬದ ಹಸುಗಳಿಗೆ ಮಾತ್ರ ಬೈಹುಲ್ಲು, ಹಿಂಡಿ ಹೆಚ್ಚು ಕೊಡುವುದು ಇಲ್ಲಿಗೆ ಹೊಂದುತ್ತದೆ.

ಹೋರಿಯ ಪರೀಕ್ಷೆ ಚಿಕ್ಕದಾಗಿ ಹೇಳಬಹುದು. ನಡಿಗೆ, ಕಣ್ಣು, ಗೊರಸು ನೋಡಿ, ವೃಷಣದ ಸುತ್ತಳತೆ ಅಳೆದು, ವೀರ್ಯವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಚಲಿಸುವ ವೀರ್ಯಾಣು ಕನಿಷ್ಠ ಶೇ. 30, ಸರಿಯಾದ ಆಕಾರದವು ಕನಿಷ್ಠ ಶೇ. 70 ಇರಬೇಕು. ಪುಸ್ತಕದಲ್ಲಿ 15 ತಿಂಗಳವರೆಗಿನ ಹೋರಿಗೆ 30 ಸೆಂಟಿಮೀಟರ್, ಎರಡು ವರ್ಷ ದಾಟಿದ್ದಕ್ಕೆ 34 ಸೆಂಟಿಮೀಟರ್ ಸುತ್ತಳತೆ ಬೇಕೆಂದು ಇರುವುದು ಅಮೆರಿಕದ ದೊಡ್ಡ ಮಾಂಸದ ತಳಿಗಳಿಗೆ. ಅದೇ ಅಳತೆ ಹಿಡಿದು ಗಿಡ್ಡ ತಳಿಯ ಹೋರಿಯನ್ನು ತಳ್ಳಿಬಿಡಬಾರದು. ಇನ್ನೊಂದು ಮಾತು: ಜ್ವರ ಬಂದು ಹೋದ ಹೋರಿಯನ್ನು ಕೂಡಲೇ ಪರೀಕ್ಷಿಸಬೇಡಿ. ವೀರ್ಯಾಣು ತಯಾರಾಗಲು ಸುಮಾರು ಎರಡು ತಿಂಗಳು ಬೇಕು, ಅಷ್ಟು ದಿನ ಕಾದು ಮತ್ತೊಮ್ಮೆ ನೋಡಬೇಕು.

ಮಳೆಗಾಲದ ಮೂರು ದಿನ ಹೆಚ್ಚಾಗಿ ಕೆಂಪು ಮೂತ್ರದ ಮೇಲೆಯೇ ಹೋಯಿತು. ಈ ಜಿಲ್ಲೆಯಲ್ಲಿ ಅದಕ್ಕೆ ಐದಾರು ಕಾರಣ ಇರಬಹುದು. ಎಲ್ಲಕ್ಕೂ ಒಂದೇ ಇಂಜೆಕ್ಷನ್ ಕೊಡುವುದು ನಮ್ಮಲ್ಲಿ ಬೇರೂರಿದ ತಪ್ಪು. ಮೊದಲು ಮೂತ್ರವನ್ನು ಗಾಜಿನ ಕೊಳವೆಯಲ್ಲಿ ಹಿಡಿದು ನಿಲ್ಲಿಸಬೇಕು. ಅರ್ಧ ಗಂಟೆಯಲ್ಲಿ ಕೆಂಪು ಅಡಿಗೆ ಇಳಿದು ಮೇಲೆ ತಿಳಿಯಾದರೆ ಅದು ರಕ್ತವೇ: ಮೂತ್ರಕೋಶದ ಗಾಯ, ಕಲ್ಲು, ಗುಡ್ಡದ ಜರಿಗಿಡ ತಿಂದ ತೊಂದರೆ. ಕೊಳವೆಯಿಡೀ ಕಾಫಿಯ ಬಣ್ಣದಲ್ಲೇ ಉಳಿದರೆ ರಕ್ತಕಣ ಮೈಯೊಳಗೇ ಒಡೆದಿದೆ. ಆಮೇಲೆ ಜ್ವರ ನೋಡಬೇಕು. ಜ್ವರ 104-106 ಡಿಗ್ರಿ ಫ್ಯಾರನ್‌ಹೀಟ್ ಇದ್ದು ಮೈಯಲ್ಲಿ ಉಣುಗು ಇದ್ದರೆ ಕಿವಿಯ ಅಂಚಿನಿಂದ ಒಂದು ಹನಿ ರಕ್ತ ತೆಗೆದು ಸ್ಮಿಯರ್ ಎಳೆಯಬೇಕು, ಅಂದರೆ ಗಾಜಿನ ಪಟ್ಟಿಯ ಮೇಲೆ ತೆಳುವಾಗಿ ಹರಡಬೇಕು. ಜೀಮ್ಸಾ ಬಣ್ಣದಲ್ಲಿ ರಕ್ತಕಣದೊಳಗೆ ಜೋಡಿ ಪೇರಳೆ ಹಣ್ಣಿನ ಆಕಾರ ಕಂಡರೆ ಅದು ಉಣುಗಿನಿಂದ ಬರುವ ಬಬೇಸಿಯಾ ಎಂಬ ಪರೋಪಜೀವಿ, ಮದ್ದು ಡೈಮಿನಾಜಿನ್ ಕೆ.ಜಿ.ಗೆ 3.5 ಮಿ.ಗ್ರಾಂ. ಎಳೆಗರುಗಳಲ್ಲಿ ಜ್ವರದ ಜೊತೆ ಕೆಂಪು ಮೂತ್ರ, ಹಟ್ಟಿಯಲ್ಲಿ ಇಲಿಗಳ ಓಡಾಟ, ಕಾಲು ಮುಳುಗುವ ಕೆಸರು ಇದ್ದರೆ ಇಲಿಜ್ವರವನ್ನು ಮರೆಯಬಾರದು. ಅದು ಹಟ್ಟಿ ತೊಳೆಯುವವರಿಗೂ ಬರುತ್ತದೆ, ಆದ್ದರಿಂದ ಮನೆಯವರಿಗೆ ಹೇಳಿಯೇ ಬರಬೇಕು. ಜ್ವರ ಇಲ್ಲ, ಕರು ಹಾಕಿ ಮೂರು-ನಾಲ್ಕು ವಾರ ಆಗಿದೆ, ಮೇವು ಬರೀ ಬೈಹುಲ್ಲು ಎಂದಾದರೆ ರಂಜಕದ ಕೊರತೆ: ಸೋಡಿಯಂ ಆ್ಯಸಿಡ್ ಫಾಸ್ಫೇಟ್ 60 ಗ್ರಾಂ, 300 ಮಿ.ಲೀ. ಶುದ್ಧ ನೀರಿನಲ್ಲಿ, ರಕ್ತನಾಳಕ್ಕೆ.

ಉಳಿದ ಕಾರಣ ಅಡಿಕೆ ನಾಡಿನದ್ದು. ಕೊಳೆರೋಗಕ್ಕೆ ಮದ್ದು ಬಿಡುವಾಗ ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್ ಸೇರಿಸಿದ ಬೋರ್ಡೋ ದ್ರಾವಣ ಗೊನೆಗಿಂತ ಹೆಚ್ಚು ಕೆಳಗಿನ ಹುಲ್ಲಿಗೆ ಬೀಳುತ್ತದೆ. ಆ ಹುಲ್ಲನ್ನೇ ಕೊಯ್ದು ಹಟ್ಟಿಗೆ ಹಾಕುತ್ತಾರೆ. ತಾಮ್ರ ಯಕೃತ್ತಿನಲ್ಲಿ ಸದ್ದಿಲ್ಲದೆ ಶೇಖರವಾಗುತ್ತದೆ. ತಿಂಗಳುಗಟ್ಟಲೆ ಏನೂ ಕಾಣದೆ ಒಂದು ದಿನ ಹೆದರಿಕೆಯೋ ಹಸಿವೋ ಪ್ರಯಾಣವೋ ನೆಪವಾಗಿ ಒಮ್ಮೆಲೇ ರಕ್ತಕ್ಕೆ ಬಿಡುಗಡೆಯಾಗಿ ಕಣಗಳು ಒಡೆಯುತ್ತವೆ. ಕಣ್ಣು ಹಳದಿ, ಮೂತ್ರ ಕಪ್ಪುಗೆಂಪು, ಜ್ವರ ಇಲ್ಲ. ಆ ಹಂತಕ್ಕೆ ಬಂದ ಮೇಲೆ ಉಳಿಸುವುದು ಬಹಳ ಕಷ್ಟ. ಶವಪರೀಕ್ಷೆಯಲ್ಲಿ ಮೂತ್ರಪಿಂಡ ಉಕ್ಕಿನ ಕಪ್ಪುನೀಲಿ ಹೊಳಪಿನಲ್ಲಿ ಕಾಣುತ್ತದೆ. ಕುರಿಗಳಷ್ಟು ಬೇಗ ದನಗಳಿಗೆ ತಾಗುವುದಿಲ್ಲ, ಆದರೆ ಎಳೆಗರುಗಳು ದೊಡ್ಡವುಗಳಿಗಿಂತ ನಾಜೂಕು. ಕೋಣಗರುಗಳ ಹಟ್ಟಿಯಲ್ಲಿ ಮದ್ದು ಬಿಟ್ಟ ದಿನ ಯಾವುದು, ಹುಲ್ಲು ಯಾವ ಬದಿಯದ್ದು ಎಂದು ಕೇಳುವುದು ಥರ್ಮಾಮೀಟರ್ ಇಡುವಷ್ಟೇ ಮುಖ್ಯ. ಮದ್ದು ಬಿಡುವ ತಿಂಗಳುಗಳಲ್ಲಿ ತೋಟದ ಹೊರಗೆ ಬೆಳೆಸಿದ ನೇಪಿಯರ್ ಹುಲ್ಲು ಕೊಡಲು ಹೇಳಬೇಕು. ಖನಿಜ ಮಿಶ್ರಣದ ಚೀಟಿಯಲ್ಲಿ ತಾಮ್ರ ಎಷ್ಟಿದೆಯೆಂದೂ ಓದಬೇಕು. ಒಂದು ಕಡೆಯಿಂದ ತಪ್ಪಿಸಿ ಇನ್ನೊಂದು ಕಡೆಯಿಂದ ನಾವೇ ಕೊಡುವ ಹಾಗೆ ಆಗಬಾರದು.

ಜಂತುಹುಳದ ಪಾಠದಲ್ಲಿ ಸೆಗಣಿ ನೋಡದೆ ಮದ್ದು ಕೊಡಬಾರದೆಂದು ಪಟ್ಟು ಹಿಡಿದರು. 4 ಗ್ರಾಂ ಸೆಗಣಿ, 56 ಮಿ.ಲೀ. ಗಾಢ ಉಪ್ಪುನೀರು, ಚಹಾ ಸೋಸುವ ಜರಡಿಯಲ್ಲಿ ಸೋಸಿ, ಹುಳದ ಮೊಟ್ಟೆ ಎಣಿಸಲೆಂದೇ ಇರುವ ಮ್ಯಾಕ್‌ಮಾಸ್ಟರ್ ಗಾಜಿನ ಎರಡೂ ಕೋಣೆ ತುಂಬಿಸಿ ಐದು ನಿಮಿಷ ಬಿಟ್ಟು ಎಣಿಸುವುದು. ಒಟ್ಟು ಮೊಟ್ಟೆಗಳನ್ನು 50ರಿಂದ ಗುಣಿಸಿದರೆ ಗ್ರಾಂಗೆ ಎಷ್ಟೆಂದು ಸಿಗುತ್ತದೆ. ಉಪ್ಪು ಕಡಿಮೆಯಾದರೆ ಮೊಟ್ಟೆ ತೇಲುವುದಿಲ್ಲ, ಹುಳ ಇಲ್ಲವೆಂದು ಮೋಸ ಹೋಗುತ್ತೇವೆ. ಲೀಟರಿಗೆ 400 ಗ್ರಾಂ ಹಾಕಿ ತಳದಲ್ಲಿ ಒಂದಿಷ್ಟು ಕರಗದೆ ಉಳಿಯಬೇಕು. ಸೆಗಣಿ ನೆಲದಿಂದಲ್ಲ, ಗುದದೊಳಗಿಂದ ತೆಗೆದದ್ದು, ಬಿಸಿಲಿಗೆ ಇಡದೆ ಅದೇ ದಿನ ನೋಡಿದ್ದು ಆಗಬೇಕು. ಮದ್ದು ಕೊಟ್ಟ 14ನೇ ದಿನ ಅದೇ ಹತ್ತು-ಹದಿನೈದು ದನಗಳನ್ನು ಮತ್ತೆ ಎಣಿಸಿ, ಮೊಟ್ಟೆ ಶೇ. 95ರಷ್ಟು ಇಳಿಯದಿದ್ದರೆ ಮದ್ದು ಸೋಲುತ್ತಿದೆ ಎಂದು ಅರ್ಥ, ಅಥವಾ ಡೋಸು ಕಡಿಮೆಯಾಗಿದೆ. ಮೊದಲು ಡೋಸನ್ನೇ ಅನುಮಾನಿಸಬೇಕು.

ಯಕೃತ್ತಿನ ಎಲೆಹುಳು ಮತ್ತು ಹೊಟ್ಟೆಯ ಶಂಕುಹುಳದ ಮೊಟ್ಟೆ ಉಪ್ಪುನೀರಿನಲ್ಲಿ ತೇಲುವುದಿಲ್ಲ, ಭಾರ. ಅದಕ್ಕೆ ನೀರಿನಲ್ಲಿ ಕಲಸಿ ತಳಕ್ಕೆ ಇಳಿಸಿಯೇ ನೋಡಬೇಕು. ಗದ್ದೆಬದಿ, ತೋಡಿನ ಅಂಚು, ಪಳ್ಳದ ಸುತ್ತ ಮೇಯುವ ಹಿಂಡಿನಲ್ಲಿ ಮ್ಯಾಕ್‌ಮಾಸ್ಟರ್ ಖಾಲಿ ಬಂತೆಂದು ಸಮಾಧಾನ ಪಟ್ಟುಕೊಳ್ಳಬಾರದು. ಇದು ಮನಸ್ಸಿಗೆ ನಾಟಿದ್ದು ಕಸಾಯಿಖಾನೆಗೆ ಕರೆದೊಯ್ದ ಬೆಳಿಗ್ಗೆ. ಮೇಜಿನ ಮೇಲೆ ಒಂದು ಯಕೃತ್ತು. ಮೇಲ್ನೋಟಕ್ಕೆ ಅಂಚು ಸ್ವಲ್ಪ ದಪ್ಪ, ಅಷ್ಟೇ. ಚೂರಿಯಿಂದ ಪಿತ್ತನಾಳದ ಉದ್ದಕ್ಕೆ ಕೊಯ್ಯುವಾಗ ಕರಕರ ಸದ್ದು ಬಂತು. ನಾಳದ ಗೋಡೆ ಸುಣ್ಣ ಕಟ್ಟಿ ಕೊಳವೆಯ ಹಾಗೆ ನಿಂತಿತ್ತು. ಒತ್ತಿದಾಗ ಕಂದುಬಣ್ಣದ ಲೋಳೆಯ ಜೊತೆ ಎಲೆಯಂತೆ ಚಪ್ಪಟೆಯಾದ, ಬೆರಳುದ್ದದ ಹುಳಗಳು ಒಂದರ ಹಿಂದೊಂದು ಜಾರಿ ಬಂದವು. ಹಿಂಡಿನ ಪ್ರಾಣಿಗಳು ಎಲ್ಲಿ ಮಾಂಸವಾಗುತ್ತವೆಯೋ ಅಲ್ಲಿಗೆ ಹೋಗಿ ಎಷ್ಟು ಯಕೃತ್ತು ಕೆಟ್ಟದ್ದೆಂದು ತೆಗೆದಿಟ್ಟರು, ಯಾವ ಹಟ್ಟಿಯದ್ದೆಂದು ಕೇಳಿ ಬರೆದುಕೊಂಡರೆ ಸೆಗಣಿ ಪರೀಕ್ಷೆ ಹೇಳದ್ದು ಅಲ್ಲಿ ತಿಳಿಯುತ್ತದೆ.

ಕೋಣಗರುಗಳಲ್ಲಿ ದುಂಡುಹುಳದ ಮರಿಗಳು ತಾಯಿಯ ಹಾಲಿನಿಂದಲೇ ಬರುತ್ತವೆ. ಆದ್ದರಿಂದ ಮೊದಲ ಮದ್ದು 10ರಿಂದ 14ನೇ ದಿನಕ್ಕೆ ಬೀಳಬೇಕು. ತಿಂಗಳಾಗಲಿ ಎಂದು ಕಾಯುವುದರೊಳಗೆ ಮಣ್ಣಿನ ಬಣ್ಣದ ಭೇದಿ ಹತ್ತಿ ಕರು ಸೊರಗುತ್ತದೆ.

ಹೊರಗಿನಿಂದ ಕರು ತರುವವರ ಹಟ್ಟಿಯಲ್ಲಿ ಹೆಚ್ಚು ಸಾವು ಮೊದಲ ಮೂರು ವಾರದಲ್ಲಿ. ಲಾರಿಯ ದಣಿವು, ನೀರಿಲ್ಲದೆ ಬಂದ ಒಣಗು, ಬೇರೆ ಬೇರೆ ಸಂತೆಯ ಕರುಗಳು ಒಂದೆಡೆ ಸೇರಿದ ಸೋಂಕು. ಇಳಿದ ದಿನ ಮೊದಲು ನೀರು, ಆಮೇಲೆ ಬೈಹುಲ್ಲು. ಹಿಂಡಿ ಮರುದಿನದಿಂದ ಸ್ವಲ್ಪ ಸ್ವಲ್ಪ, ಪೂರ್ತಿ ಪ್ರಮಾಣಕ್ಕೆ ಬರಲು ಎರಡು-ಮೂರು ವಾರ. ದಿನಕ್ಕೆ ಎರಡು ಸಲ ಜ್ವರ ನೋಡಿ ಗಂಟಲ ಕೆಳಗೆ ಬಾವು ಇದೆಯೇ ಎಂದು ಕೈಯಾಡಿಸಬೇಕು. ಗಳಲೆ ರೋಗ ಎಮ್ಮೆಜಾತಿಯನ್ನು ಒಂದೇ ದಿನದಲ್ಲಿ ಮುಗಿಸಬಲ್ಲದು. ಹಳೆಯ ಹಿಂಡಿನಿಂದ 30 ದಿನ ದೂರ, ಬಕೆಟ್ಟೂ ಬೇರೆ, ನೋಡಿಕೊಳ್ಳುವವರು ಕೊನೆಗೆ ಹೋಗುವುದು ಈ ಹಟ್ಟಿಗೆ. ಕಂದು ರೋಗಕ್ಕೆ (ಬ್ರುಸೆಲ್ಲೋಸಿಸ್) ರಕ್ತದ ತಟ್ಟೆ ಪರೀಕ್ಷೆ, ಸೀರಂ 30 ಮೈಕ್ರೊಲೀಟರ್, ಅಷ್ಟೇ ರೋಸ್ ಬೆಂಗಾಲ್ ಎಂಬ ಗುಲಾಬಿ ದ್ರಾವಣ, ನಾಲ್ಕು ನಿಮಿಷ ಆಡಿಸಿ ಕಾಳು ಕಟ್ಟುತ್ತದೆಯೇ ನೋಡುವುದು. ಕ್ಷಯಕ್ಕೆ ಚರ್ಮದೊಳಗೆ 0.1 ಮಿ.ಲೀ. ಟ್ಯುಬರ್‌ಕುಲಿನ್, 72 ಗಂಟೆಯ ನಂತರ ಚರ್ಮದ ಮಡಿಕೆ 4 ಮಿ.ಮೀ. ಅಥವಾ ಹೆಚ್ಚು ದಪ್ಪವಾದರೆ ಸೋಂಕು. ಮೊದಲ ದಿನದ ಅಳತೆ ಬರೆಯದಿದ್ದರೆ ಪರೀಕ್ಷೆ ಮಾಡಿಯೂ ಮಾಡದ ಹಾಗೆ.

ಮೇವಿನಲ್ಲಿ ನಮ್ಮೂರಿನ ಎರಡು ಅಪಾಯ: ಮರಗೆಣಸಿನ ಎಲೆ ಮತ್ತು ಹಲಸಿನ ಹಣ್ಣು. ಎಳೆಯ ಮರಗೆಣಸಿನ ಸೊಪ್ಪು ಹಸಿಯಾಗಿ ತಿಂದರೆ ಸಯನೈಡ್ ಏರಿ ನಿಮಿಷಗಳಲ್ಲಿ ಕುಸಿಯುತ್ತವೆ. ಒಸಡು, ರಕ್ತ ಎರಡೂ ಕಡುಗೆಂಪು. ಸೋಡಿಯಂ ಥಯೋಸಲ್ಫೇಟ್ ಕೆ.ಜಿ.ಗೆ 500 ಮಿ.ಗ್ರಾಂ, ಅಂದರೆ 100 ಕಿಲೋದ ಕರುವಿಗೆ 50 ಗ್ರಾಂ, ರಕ್ತನಾಳಕ್ಕೆ. ಅದನ್ನು ತರಲು ಪೇಟೆಗೆ ಓಡುವಷ್ಟು ಹೊತ್ತು ಸಿಗುವುದಿಲ್ಲ, ಚೀಲದಲ್ಲೇ ಇರಬೇಕು. ಹಲಸಿನ ಕಾಲದಲ್ಲಿ ಮನೆಯವರು ಪ್ರೀತಿಯಿಂದ ರಚ್ಚೆ, ಹಣ್ಣು, ಗಂಜಿ ಎಲ್ಲ ಒಟ್ಟಿಗೆ ಹಾಕುತ್ತಾರೆ. ದೊಡ್ಡ ಹೊಟ್ಟೆಯೊಳಗೆ ಹುಳಿ ಏರಿ ದನ ತೂರಾಡಿ ಮಲಗುತ್ತದೆ. ಸೂಜಿಯಿಂದ ಹೊಟ್ಟೆನೀರು ತೆಗೆದು ಪಿಎಚ್ ಕಾಗದ ಅದ್ದಿದರೆ 5.5ಕ್ಕಿಂತ ಕೆಳಗೆ. ಮೆಗ್ನೀಷಿಯಂ ಹೈಡ್ರಾಕ್ಸೈಡ್ ಕೆ.ಜಿ.ಗೆ 1 ಗ್ರಾಂ ಲೆಕ್ಕದಲ್ಲಿ ಬಿಸಿನೀರಿನಲ್ಲಿ ಕಲಸಿ ನಳಿಗೆಯಲ್ಲಿ ಹೊಟ್ಟೆಗೆ, ರಕ್ತನಾಳಕ್ಕೆ ಸೋಡಾದ ದ್ರಾವಣ. ಮಲಗಿ ಎದ್ದೇಳದಿದ್ದರೆ ಹೊಟ್ಟೆ ಕೊಯ್ದು ತೆಗೆಯುವುದೇ ದಾರಿ, ಅದೂ ತಡಮಾಡದೆ.

ಲಸಿಕೆಯ ವಿಷಯ ಎಲ್ಲರಿಗೂ ಗೊತ್ತಿರುವುದೇ. ಕಾಲುಬಾಯಿ ರೋಗಕ್ಕೆ ಆರು ತಿಂಗಳಿಗೊಮ್ಮೆ, ಗಳಲೆ ರೋಗಕ್ಕೆ ಮಳೆಗೆ ತಿಂಗಳು ಮೊದಲು, ಕಂದು ರೋಗಕ್ಕೆ 4ರಿಂದ 8 ತಿಂಗಳ ಹೆಣ್ಣುಗರುಗಳಿಗೆ ಮಾತ್ರ, ಬದುಕಿನಲ್ಲಿ ಒಮ್ಮೆ. ಒತ್ತಿ ಹೇಳಬೇಕಾದದ್ದು ಎರಡು. ಕಾಲುಬಾಯಿ ಲಸಿಕೆ ಹೆಪ್ಪುಗಟ್ಟಿದರೆ ಹಾಳು, ಐಸಿನ ಗಡ್ಡೆಗೆ ಬಾಟಲಿ ನೇರ ತಾಗಬಾರದು, ನಡುವೆ ಬಟ್ಟೆ ಇರಲಿ, 2ರಿಂದ 8 ಡಿಗ್ರಿ ಸೆಲ್ಸಿಯಸ್‌ನೊಳಗೆ ಇರಲಿ. ಕಂದು ರೋಗದ ಎಸ್-19 ಲಸಿಕೆ ಜೀವಂತ. ಕಣ್ಣಿಗೆ ಹಾರಿದರೆ, ಬೆರಳಿಗೆ ಚುಚ್ಚಿಕೊಂಡರೆ ಕೊಡುವವರಿಗೇ ರೋಗ ಬರುತ್ತದೆ. ಕೈಗವಸು, ಕನ್ನಡಕ ಇಲ್ಲದೆ ಬಾಟಲಿ ತೆರೆಯಬಾರದು.

ಮಾಂಸದ ಪ್ರಾಣಿಗೆ ಇಂಜೆಕ್ಷನ್ ಕುತ್ತಿಗೆಯಲ್ಲಿ ಮಾತ್ರ. ತೊಡೆಗೆ ಚುಚ್ಚುವ ನಮ್ಮ ಅಭ್ಯಾಸವನ್ನು ಬಿಡಿಸಲು ಇಡೀ ವರ್ಷ ಬೇಕಾಯಿತು. ಚುಚ್ಚಿದಲ್ಲಿ ಗಂಟು, ಕೀವು ಉಳಿದರೆ ಆ ಮಾಂಸ ಕೊಯ್ದು ಎಸೆಯಬೇಕು; ಒಂದೇ ಜಾಗಕ್ಕೆ 10 ಮಿ.ಲೀ.ಗಿಂತ ಹೆಚ್ಚು ಹಾಕಬಾರದು. ಮದ್ದಿನ ಪುಸ್ತಕದಲ್ಲಿ ಕಿವಿಯ ಹಳದಿ ಬಿಲ್ಲೆಯ 12 ಅಂಕಿ, ಮದ್ದು, ಪ್ರಮಾಣ, ಜಾಗ, ತಾರೀಕು, ಮತ್ತು ಮಾಂಸಕ್ಕೆ ಕೊಡಬಹುದಾದ ಮೊದಲ ದಿನ, ಆರೂ ಬರೆಯಬೇಕು. ಲೇಬಲ್ಲಿನಲ್ಲಿ 28 ದಿನ ಎಂದಿದ್ದರೆ ಕೊನೆಯ ಇಂಜೆಕ್ಷನ್ನಿನಿಂದ ಎಣಿಸಬೇಕು, ಮೊದಲನೆಯದ್ದರಿಂದ ಅಲ್ಲ. ನೋವಿನ ಮದ್ದಿಗೆ ಮೆಲಾಕ್ಸಿಕಾಮ್, ಕೆ.ಜಿ.ಗೆ 0.5 ಮಿ.ಗ್ರಾಂ. ರಣಹದ್ದುಗಳನ್ನು ಕೊಂದ ಡೈಕ್ಲೋಫೆನಾಕ್ ಜಾನುವಾರುಗಳಿಗೆ 2006ರಿಂದಲೇ ನಿಷಿದ್ಧ, ಕೀಟೋಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್ 2023ರಿಂದ.

ಸತ್ತ ಪ್ರಾಣಿಯನ್ನು ಕೊಯ್ಯುವ ಮೊದಲು ಒಂದು ನಿಮಿಷ ಸುತ್ತ ನಡೆದು ನೋಡಬೇಕು. ಮೂಗು, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದು, ದೇಹ ಸೆಟೆಯದೆ ಬೇಗ ಉಬ್ಬಿದ್ದರೆ ನೆರಡಿಯ (ಆಂಥ್ರಾಕ್ಸ್) ಅನುಮಾನ. ಚೂರಿ ಚೀಲದಲ್ಲೇ ಇರಲಿ. ಕಿವಿಯ ನಾಳದಿಂದ ಸ್ಮಿಯರ್ ತೆಗೆದು, ಆ ಗಾಯಕ್ಕೆ ಮದ್ದಿನಲ್ಲಿ ಅದ್ದಿದ ಹತ್ತಿ ಒತ್ತಿ, ಆರಡಿ ಹೊಂಡದಲ್ಲಿ ಸುಣ್ಣ ಹಾಕಿ ಹೂಳಿಸಬೇಕು. ಕೊಯ್ದರೆ ರೋಗಾಣುವಿಗೆ ಗಾಳಿ ತಾಗಿ ಬೀಜಕಣವಾಗಿ ವರ್ಷಗಟ್ಟಲೆ ಮಣ್ಣಿನಲ್ಲಿ ಉಳಿಯುತ್ತದೆ.

ಜನವರಿಯ ಕೊನೆಯ ದಿನ ಪ್ರತಿ ಹಟ್ಟಿಗೂ ಒಂದು ಪುಟದ ವರದಿ ಬರೆದುಕೊಟ್ಟೆವು. ಒಂದು ಪುಟ ಮೀರಬಾರದು, ಮಾಡಬೇಕಾದ ಕೆಲಸ ಮೂರಕ್ಕಿಂತ ಹೆಚ್ಚು ಇರಬಾರದು ಎಂಬ ನಿಯಮ. ಬದಿಯಡ್ಕದ ಹಿಂಡಿಗೆ ಬರೆದದ್ದು: ಕಡಸುಗಳಿಗೆ ಬೇರೆ ಗೋದಲಿ, ತೋಡಿನ ಬದಿಗೆ ಬೇಲಿ ಹಾಕಿ ನೀರು ತೊಟ್ಟಿಯಲ್ಲಿ ಕೊಡುವುದು, ಮಾರ್ಚ್ 25ರಿಂದ ಗಬ್ಬದ ಹಸುಗಳಿಗೆ ಹೆಚ್ಚಿನ ಮೇವು. ಅಕ್ಕ ಅದನ್ನು ಓದಿ, ಮೂರನೆಯದ್ದರ ಪಕ್ಕದಲ್ಲಿ ಪೆನ್ಸಿಲಿನಲ್ಲಿ "ಪತ್ತನಾಜೆಗೆ ಅರವತ್ತು ದಿನ" ಎಂದು ಬರೆದು ಹಟ್ಟಿಯ ಕಂಬಕ್ಕೆ ಅಂಟಿಸಿದರು.